ಎಕ್ಮೋ ಹಾಕಿಸಬೇಕೆ? ಹೃದಯ, ಶ್ವಾಸಕೋಶ ಸೋತಾಗ ಇರುವ ದಾರಿಗಳ ಹೋಲಿಕೆ

“ವೆಂಟಿಲೇಟರ್ ಸಾಲುತ್ತಿಲ್ಲ, ಎಕ್ಮೋ ಹಾಕಬೇಕಾಗಬಹುದು, ಮನೆಯವರೆಲ್ಲ ಮಾತನಾಡಿಕೊಂಡು ಬೇಗ ತಿಳಿಸಿ” ಎಂದು ಐಸಿಯು ವೈದ್ಯರು ಹೇಳಿದ ಮೇಲೆ ಕುಟುಂಬದ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಕೆಲವು ಗಂಟೆ. ಅಷ್ಟರಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಮುಂಗಡ ಹಣ ಹೊಂದಿಸಬೇಕು, ಕೆಲವೊಮ್ಮೆ ರೋಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಸಾಗಿಸುವ ನಿರ್ಧಾರವನ್ನೂ ಮಾಡಬೇಕು. ಈ ಬರಹ ಆ ಹೊತ್ತಿಗಾಗಿ. ಸಾಧ್ಯವಾದರೆ ಆ ಹೊತ್ತು ಬರುವ ಮೊದಲೇ ಓದಿಟ್ಟುಕೊಳ್ಳಲಿ ಎಂಬುದು ನನ್ನ ಆಸೆ.

ಕನ್ನಡಿಗರಲ್ಲಿ ಬಹಳಷ್ಟು ಜನ ಎಕ್ಮೋ ಎಂಬ ಹೆಸರನ್ನು ಮೊದಲು ಕೇಳಿದ್ದು ಜಯಲಲಿತಾ ಅವರ 2016ರ ಡಿಸೆಂಬರಿನ ಕೊನೆಯ ದಿನಗಳಲ್ಲಿ, ಇಲ್ಲವೇ 2020ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಚೆನ್ನೈಯ ಆಸ್ಪತ್ರೆಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಹೋರಾಡಿದಾಗ. ಇಬ್ಬರೂ ಉಳಿಯಲಿಲ್ಲ. ಹಾಗಾಗಿ ‘ಎಕ್ಮೋ ಹಾಕಿದರೆಂದರೆ ಮುಗಿಯಿತು’ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಇನ್ನು ಕೆಲವರು, ಎಷ್ಟೇ ಕೆಟ್ಟ ಸ್ಥಿತಿಯಿದ್ದರೂ ಈ ಯಂತ್ರ ಬದುಕಿಸುತ್ತದೆ ಎಂದು ನಂಬಿ ಹೊಲ, ಮನೆ ಅಡವಿಟ್ಟು ಬರುತ್ತಾರೆ. ಈ ಎರಡೂ ನಂಬಿಕೆಗಳು ಕುಟುಂಬಗಳನ್ನು ತಪ್ಪು ದಾರಿಗೆ ಎಳೆಯುವುದರಿಂದ, ಮೊದಲು ಯಂತ್ರ ಏನು ಮಾಡುತ್ತದೆ ಎಂಬುದನ್ನು ನೋಡಿ, ಅನಂತರ ಹೋಲಿಕೆಗೆ ಹೋಗೋಣ.

ಯಂತ್ರ ಮಾಡುವುದೇನು

ಎಕ್ಸ್‌ಟ್ರಾಕಾರ್ಪೋರಿಯಲ್ ಮೆಂಬ್ರೇನ್ ಆಕ್ಸಿಜನೇಷನ್ ಎಂಬುದು ಇದರ ಪೂರ್ಣ ಹೆಸರು. ತೊಡೆಸಂದಿಯ ಅಥವಾ ಕತ್ತಿನ ದೊಡ್ಡ ಅಭಿಧಮನಿಯೊಳಗೆ ಏಳೆಂಟು ಮಿಲಿಮೀಟರ್ ದಪ್ಪದ ಕೊಳವೆ ಇಳಿಸಿ, ಪಂಪಿನ ಮೂಲಕ ರಕ್ತವನ್ನು ಹೊರಗೆಳೆದು, ಆಕ್ಸಿಜನೇಟರ್ ಎಂಬ ಪೆಟ್ಟಿಗೆಯೊಳಗೆ ಹಾಯಿಸಲಾಗುತ್ತದೆ. ಆ ಪೆಟ್ಟಿಗೆಯ ತುಂಬ ಕೂದಲಿನಂಥ ಟೊಳ್ಳು ಎಳೆಗಳಿರುತ್ತವೆ. ಎಳೆಗಳ ಒಳಗೆ ಆಮ್ಲಜನಕ ಹರಿಯುತ್ತದೆ, ಹೊರಗೆ ರಕ್ತ ಹರಿಯುತ್ತದೆ, ಎಳೆಯ ಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರಿ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ವಯಸ್ಕರಲ್ಲಿ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ಹೀಗೆ ಸುತ್ತುವುದುಂಟು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಹೃದಯ ಹೊರಹಾಕುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ.

ಹಾಸಿಗೆಯ ಬಳಿ ನಿಂತವರಿಗೂ ಈ ಕೆಲಸ ಕಣ್ಣಿಗೆ ಕಾಣುತ್ತದೆ. ದೇಹದಿಂದ ಹೊರಬರುವ ಕೊಳವೆಯಲ್ಲಿ ರಕ್ತ ಕಪ್ಪುಗೆಂಪಾಗಿರುತ್ತದೆ, ಹಿಂತಿರುಗುವ ಕೊಳವೆಯಲ್ಲಿ ಅಚ್ಚಗೆಂಪಾಗಿರುತ್ತದೆ. ಎರಡರ ಬಣ್ಣವೂ ಒಂದೇ ಆಗತೊಡಗಿದರೆ ಸಿಬ್ಬಂದಿ ಕೂಡಲೇ ಕಾರಣ ಹುಡುಕುತ್ತಾರೆ. ದೇಹದಲ್ಲಿ ದ್ರವ ಕಡಿಮೆಯಾದರೆ ಕೊಳವೆ ಅದುರಲು ಶುರುವಾಗುತ್ತದೆ. ಯಂತ್ರವನ್ನು ನಡೆಸುವ ತಂತ್ರಜ್ಞರಾದ ಪರ್ಫ್ಯೂಷನಿಸ್ಟ್ ಅಥವಾ ತರಬೇತಿ ಪಡೆದ ನರ್ಸ್ ಪಾಳಿಯಲ್ಲಿ ಮತ್ತೆ ಮತ್ತೆ ಟಾರ್ಚ್ ಹಿಡಿದು, ಆಕ್ಸಿಜನೇಟರಿನ ಮೂಲೆಗಳಲ್ಲಿ ಕಪ್ಪು ಹೆಪ್ಪುಗಳು ಕಟ್ಟಿವೆಯೇ ಎಂದು ಪರೀಕ್ಷಿಸುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಡಬೇಕು. ಕೊಟ್ಟರೆ ರಕ್ತಸ್ರಾವದ ಭಯ, ಕೊಡದಿದ್ದರೆ ಹೆಪ್ಪಿನ ಭಯ. ಮಿದುಳಿನಲ್ಲಿ ರಕ್ತಸ್ರಾವ, ಪಾರ್ಶ್ವವಾಯು, ಸೋಂಕು, ಕಿಡ್ನಿ ವೈಫಲ್ಯ ಮುಂತಾದ ಎಕ್ಮೋದ ದೊಡ್ಡ ತೊಡಕುಗಳಲ್ಲಿ ಹಲವು ಈ ಇಕ್ಕಟ್ಟಿನ ಅಕ್ಕಪಕ್ಕದಲ್ಲೇ ಹುಟ್ಟುತ್ತವೆ.

ಎಕ್ಮೋದಲ್ಲಿ ಮುಖ್ಯವಾಗಿ ಎರಡು ಬಗೆ. ಅಭಿಧಮನಿಯಿಂದ ತೆಗೆದ ರಕ್ತವನ್ನು ಮತ್ತೆ ಅಭಿಧಮನಿಗೇ ಕೊಡುವುದು ವಿವಿ ಎಕ್ಮೋ. ಇದು ಶ್ವಾಸಕೋಶದ ಕೆಲಸವನ್ನು ಮಾತ್ರ ಹೊರುತ್ತದೆ, ರಕ್ತವನ್ನು ದೇಹಕ್ಕೆಲ್ಲ ತಳ್ಳುವ ಕೆಲಸವನ್ನು ರೋಗಿಯ ಹೃದಯವೇ ಮಾಡಬೇಕು. ರಕ್ತವನ್ನು ಅಪಧಮನಿಗೆ ಒತ್ತಡದಲ್ಲಿ ಕೊಡುವುದು ವಿಎ ಎಕ್ಮೋ. ಇದು ಹೃದಯ, ಶ್ವಾಸಕೋಶ ಎರಡರ ಭಾರವನ್ನೂ ಹೊರುತ್ತದೆ. ಯಾವುದೂ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮುರಿದ ಕಾಲಿಗೆ ಊರುಗೋಲು ಆಸರೆ ಕೊಡುವಂತೆ ಇದು ಆಸರೆ ಕೊಡುತ್ತದೆ. ಮೂಳೆ ಕೂಡಿಕೊಳ್ಳಬೇಕಾದದ್ದು ಒಳಗಿನಿಂದಲೇ.

ಅಳೆಯುವ ಮೊದಲು ಅಳತೆಗೋಲು

ನಾನು ಎಲ್ಲಕ್ಕಿಂತ ಮೇಲೆ ಇಡುವ ಪ್ರಶ್ನೆ ಇದು: ಈ ಯಂತ್ರದ ಮೇಲೆ ಕಳೆಯುವ ದಿನಗಳ ಕೊನೆಯಲ್ಲಿ ಏನಾಗಬೇಕೆಂದು ವೈದ್ಯರು ನಿರೀಕ್ಷಿಸುತ್ತಿದ್ದಾರೆ? ಉತ್ತರ ಮೂರರಲ್ಲಿ ಒಂದಾಗಿರಬೇಕು. ಅಂಗ ತಾನಾಗಿ ಚೇತರಿಸಿಕೊಳ್ಳಬಹುದು. ಅಂಗಾಂಗ ಕಸಿಗೆ ಅಥವಾ ಶಾಶ್ವತ ಹೃದಯ ಪಂಪಿಗೆ ದಾರಿಯಾಗಬಹುದು. ಇಲ್ಲವೇ, ಮಿದುಳು ಸರಿಯಿದೆಯೇ, ಕಾಯಿಲೆ ಯಾವುದು ಎಂದು ತಿಳಿದು ಮುಂದಿನ ನಿರ್ಧಾರ ಮಾಡಲು ಎರಡು ಮೂರು ದಿನ ಬೇಕಾಗಿರಬಹುದು. ಈ ಮೂರರಲ್ಲಿ ಒಂದನ್ನೂ ಸ್ಪಷ್ಟವಾಗಿ ಹೇಳಲಾಗದಿದ್ದರೆ ಎಕ್ಮೋ ಆರಂಭಿಸದಿರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಹಿಂದೆ ಚರಿತ್ರೆಯೂ ಇದೆ. 1971ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಡಾ. ಡೊನಾಲ್ಡ್ ಹಿಲ್ ಅವರ ತಂಡ ಮೋಟಾರ್‌ಸೈಕಲ್ ಅಪಘಾತದಲ್ಲಿ ಗಾಯಗೊಂಡಿದ್ದ 24 ವರ್ಷದ ಯುವಕನನ್ನು 75 ಗಂಟೆ ಇಂಥ ಯಂತ್ರದ ಮೇಲಿಟ್ಟು ಉಳಿಸಿತು. ಅವನ ಶ್ವಾಸಕೋಶದ್ದು ಮಾಯಬಲ್ಲ ಗಾಯವಾಗಿತ್ತು. ಆ ಉತ್ಸಾಹದಲ್ಲಿ ಅಮೆರಿಕದಲ್ಲಿ ನಡೆದು 1979ರಲ್ಲಿ ಪ್ರಕಟವಾದ 90 ರೋಗಿಗಳ ಅಧ್ಯಯನದಲ್ಲಿ ಮಾತ್ರ ಎಕ್ಮೋ ಪಡೆದವರಲ್ಲೂ ಪಡೆಯದವರಲ್ಲೂ ಉಳಿದವರು ಶೇ. 10ಕ್ಕಿಂತ ಕಡಿಮೆ. ಯಂತ್ರ ಓಡುತ್ತಿದ್ದಾಗಲೂ ವೆಂಟಿಲೇಟರಿನ ಭಾರಿ ಒತ್ತಡ ಶ್ವಾಸಕೋಶವನ್ನು ಹಾಳುಮಾಡುತ್ತಲೇ ಇತ್ತು ಎಂಬುದನ್ನು ತಜ್ಞರು ಆಮೇಲೆ ಅರಿತರು.

ಎರಡನೆಯ ಅಳತೆ, ಸೋತಿರುವುದು ಶ್ವಾಸಕೋಶವೋ ಹೃದಯವೋ ಎರಡೂ ಹೌದೋ ಎಂಬುದು. ಮೂರನೆಯದು, ಎಕ್ಮೋಗಿಂತ ಮೊದಲು ಮಾಡಬೇಕಾದ ಚಿಕಿತ್ಸೆಗಳೆಲ್ಲ ಸರಿಯಾಗಿ ಆಗಿವೆಯೇ ಎಂಬುದು. ಇದನ್ನು ಕೇಳಲು ಕುಟುಂಬದವರು ಸಾಮಾನ್ಯವಾಗಿ ಹಿಂಜರಿಯುತ್ತಾರೆ, ಹಿಂಜರಿಯಬಾರದು. ನಾಲ್ಕನೆಯದು ರೋಗಿಯ ವಯಸ್ಸು, ಮೊದಲಿನಿಂದ ಇದ್ದ ಕಾಯಿಲೆಗಳು, ಮಿದುಳಿನ ಸ್ಥಿತಿ ಮತ್ತು ವೆಂಟಿಲೇಟರಿನಲ್ಲಿ ಈಗಾಗಲೇ ಕಳೆದ ದಿನಗಳು. ಉಳಿದವು ಆಸ್ಪತ್ರೆಯ ಅನುಭವ ಮತ್ತು ಹಣ. ಹಣವನ್ನು ಕೊನೆಗೆ ಹೇಳಿದೆನೆಂದರೆ ಅದು ಚಿಕ್ಕ ವಿಷಯವೆಂದಲ್ಲ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುವುದಿದೆ.

ಶ್ವಾಸಕೋಶ ಸೋತಾಗ: ಒಳ್ಳೆಯ ವೆಂಟಿಲೇಟರ್ ಚಿಕಿತ್ಸೆ ಮತ್ತು ವಿವಿ ಎಕ್ಮೋ

ನ್ಯುಮೋನಿಯಾ, ಎಚ್1ಎನ್1, ಕೋವಿಡ್, ನಮ್ಮ ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದೊಡನೆ ಬರುವ ಇಲಿಜ್ವರ ಇವೆಲ್ಲ ಶ್ವಾಸಕೋಶದೊಳಗೆ ನೀರು, ಉರಿಯೂತ ತುಂಬಿ ಎಆರ್‌ಡಿಎಸ್ ಎಂಬ ಸ್ಥಿತಿಯನ್ನು ತರಬಲ್ಲವು. ಇಲ್ಲಿ ಮೊದಲ ಆಯ್ಕೆ ವೆಂಟಿಲೇಟರನ್ನು ಎಚ್ಚರಿಕೆಯಿಂದ ನಡೆಸುವುದು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಪ್ರತಿ ಉಸಿರಿಗೆ ದೇಹದ ಅಂದಾಜು ತೂಕದ ಕಿಲೋಗ್ರಾಮಿಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟಾಗ ಸಾವಿನ ಪ್ರಮಾಣ ಸುಮಾರು ಶೇ. 40ರಿಂದ 31ಕ್ಕೆ ಇಳಿಯಿತೆಂದು ತೋರಿಸಿತು. 2013ರಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ 466 ರೋಗಿಗಳ ಅಧ್ಯಯನ ಇನ್ನೂ ದೊಡ್ಡ ಫಲ ಕೊಟ್ಟಿತು. ತೀವ್ರ ಎಆರ್‌ಡಿಎಸ್ ಇದ್ದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ 28 ದಿನಗಳ ಸಾವಿನ ಪ್ರಮಾಣ ಶೇ. 16, ಅಂಗಾತವೇ ಮಲಗಿದ್ದವರಲ್ಲಿ ಶೇ. 32.8. ರೋಗಿಯನ್ನು ಮಗುಚಲು ಬೇಕಾದದ್ದು ನಾಲ್ಕೈದು ಜನರ ಪಳಗಿದ ಕೈ ಮತ್ತು ಕೊಳವೆಗಳು ಕಳಚದಂತೆ ನೋಡುವ ಎಚ್ಚರ. ದುಬಾರಿ ಯಂತ್ರವೇನೂ ಬೇಡ. ಆದ್ದರಿಂದ ಎಕ್ಮೋ ಮಾತು ಬಂದಾಗ “ಬೋರಲು ಮಲಗಿಸಿ ನೋಡಿದ್ದೀರಾ? ಎಷ್ಟು ಗಂಟೆ? ಏನಾಯಿತು?” ಎಂದು ಕೇಳುವುದು ಕುಟುಂಬದ ಹಕ್ಕು. ಬೆನ್ನುಮೂಳೆ ಮುರಿದಿರುವುದು ಮುಂತಾದ ಕಾರಣಗಳಿಂದ ಕೆಲವರನ್ನು ಮಗುಚಲಾಗದು. ಹಾಗಿದ್ದರೆ ವೈದ್ಯರು ಅದನ್ನೇ ಹೇಳುತ್ತಾರೆ.

ಇಷ್ಟೆಲ್ಲ ಆದಮೇಲೂ ಆಮ್ಲಜನಕ ಏರದಿದ್ದಾಗ ವಿವಿ ಎಕ್ಮೋ ಎದುರಿಗೆ ಬರುತ್ತದೆ. ಅದರ ನಿಜವಾದ ಲಾಭ ಆಮ್ಲಜನಕ ಕೊಡುವುದರಲ್ಲಷ್ಟೇ ಇಲ್ಲ. ವೆಂಟಿಲೇಟರಿನ ಒತ್ತಡವನ್ನು ತೀರ ಕಡಿಮೆ ಮಾಡಿ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಬಹುದು. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಸೀಸರ್ ಅಧ್ಯಯನದಲ್ಲಿ 180 ರೋಗಿಗಳಿದ್ದರು. ಲೆಸ್ಟರಿನ ಎಕ್ಮೋ ಕೇಂದ್ರಕ್ಕೆ ಕಳುಹಿಸಲೆಂದು ಆಯ್ಕೆಯಾದವರಲ್ಲಿ ಆರು ತಿಂಗಳ ಬಳಿಕ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದವರು ಶೇ. 63, ಇದ್ದ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಪಡೆದವರಲ್ಲಿ ಶೇ. 47. ಇದರೊಳಗಿನ ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು: ಕೇಂದ್ರಕ್ಕೆಂದು ಆಯ್ಕೆಯಾದ 90 ಜನರಲ್ಲಿ ಎಕ್ಮೋ ನಿಜವಾಗಿ ಬೇಕಾದದ್ದು 68 ಮಂದಿಗೆ ಮಾತ್ರ. ಅನುಭವವುಳ್ಳ ಕೇಂದ್ರದ ಆರೈಕೆಯೂ ಆ ಫಲಿತಾಂಶದಲ್ಲಿ ಸೇರಿದೆ. 2018ರ ಇಯೋಲಿಯಾ ಅಧ್ಯಯನದಲ್ಲಿ 249 ರೋಗಿಗಳಲ್ಲಿ 60 ದಿನಗಳ ಸಾವಿನ ಪ್ರಮಾಣ ಎಕ್ಮೋ ಗುಂಪಿನಲ್ಲಿ ಶೇ. 35, ಉಳಿದವರಲ್ಲಿ ಶೇ. 46. ಅಂತರ ಕಂಡರೂ ಅದು ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ದಾಟಲಿಲ್ಲ. ಎರಡನೆಯ ಗುಂಪಿನ ಶೇ. 28 ಜನರಿಗೆ ಸ್ಥಿತಿ ಕೈಮೀರಿದಾಗ ಎಕ್ಮೋ ಹಾಕಬೇಕಾಯಿತು ಎಂಬುದು ಲೆಕ್ಕವನ್ನು ಇನ್ನಷ್ಟು ತೊಡಕಾಗಿಸಿತು. ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ, ಸರಿಯಾಗಿ ಆಯ್ದ ರೋಗಿಗೆ, ಸರಿಯಾದ ಹೊತ್ತಿಗೆ, ಪಳಗಿದ ತಂಡ ಮಾಡಿದರೆ ವಿವಿ ಎಕ್ಮೋ ಜೀವ ಉಳಿಸುತ್ತದೆ ಎಂದು ನಾನು ಒಪ್ಪುತ್ತೇನೆ.

ಸರಿಯಾದ ಹೊತ್ತು ಯಾವುದು? ಇಯೋಲಿಯಾದಲ್ಲಿ ವೆಂಟಿಲೇಟರಿಗೆ ಏರಿ ಏಳು ದಿನ ತುಂಬದವರನ್ನು ಮಾತ್ರ ಸೇರಿಸಿಕೊಂಡಿದ್ದರು. ರಕ್ತದ ಆಮ್ಲಜನಕಕ್ಕೂ ಕೊಡುತ್ತಿರುವ ಆಮ್ಲಜನಕಕ್ಕೂ ಇರುವ ಅನುಪಾತ 80ಕ್ಕಿಂತ ಕೆಳಗೆ ಆರು ಗಂಟೆಗೂ ಮೀರಿ, ಅಥವಾ 50ಕ್ಕಿಂತ ಕೆಳಗೆ ಮೂರು ಗಂಟೆಗೂ ಮೀರಿ ನಿಂತಿರುವುದು ಅವರ ಮುಖ್ಯ ಮಾನದಂಡಗಳಾಗಿದ್ದವು. ಪಿ-ಎಫ್ ಅನುಪಾತ ಎನ್ನುವ ಇದು ಆರೋಗ್ಯವಂತರಲ್ಲಿ 400ಕ್ಕೂ ಮೇಲಿರುತ್ತದೆ. ರೋಗಿಯ ಪಿ-ಎಫ್ ಅನುಪಾತ ಎಷ್ಟಿದೆ, ಎಷ್ಟು ಹೊತ್ತಿನಿಂದ ಹಾಗಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಬ್ಬ ತಜ್ಞರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳುವಾಗ ಅವರು ಮೊದಲು ಕೇಳುವ ಅಂಕಿಗಳಲ್ಲಿ ಅದೂ ಒಂದು. ವೆಂಟಿಲೇಟರಿನ ಹೆಚ್ಚಿನ ಒತ್ತಡದಲ್ಲಿ ಎರಡು ಮೂರು ವಾರ ಕಳೆದ ಶ್ವಾಸಕೋಶ ನಾರುಗಟ್ಟಿದ್ದರೆ, ಆಮೇಲೆ ಹಾಕಿದ ಎಕ್ಮೋದಿಂದ ಫಲ ಬಹಳ ಕಡಿಮೆ.

ಮೊದಲೇ ನಾರುಗಟ್ಟುವ ಶ್ವಾಸಕೋಶದ ಕಾಯಿಲೆ ಇದ್ದವರಿಗೂ, ಪ್ಯಾರಾಕ್ವಾಟ್ ಕಳೆನಾಶಕ ಸೇವಿಸಿ ಶ್ವಾಸಕೋಶ ಸುಟ್ಟವರಿಗೂ ಇದೇ ಕಠಿಣ ಮಾತು ಅನ್ವಯಿಸುತ್ತದೆ. ಅಲ್ಲಿ ಅಂಗ ಮತ್ತೆ ಮೊದಲಿನಂತಾಗುವುದಿಲ್ಲ. ಶ್ವಾಸಕೋಶ ಕಸಿಯ ಯೋಜನೆ ಗಟ್ಟಿಯಾಗಿದ್ದರೆ ಮಾತ್ರ ಎಕ್ಮೋಗೆ ಅರ್ಥ. ಕರ್ನಾಟಕದಲ್ಲಿ ಮರಣಾನಂತರದ ಅಂಗದಾನದ ಸರದಿಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಕಸಿ ಸಾಧ್ಯವೆಂದು ಯಾರಾದರೂ ಹೇಳಿದರೆ, ರೋಗಿಯ ಹೆಸರನ್ನು ನೋಂದಾಯಿಸಬಲ್ಲ ಕಸಿ ಕೇಂದ್ರದ ತಂಡದೊಂದಿಗೆ ಆ ದಿನವೇ ಮಾತನಾಡಿಸಿಕೊಡಿ ಎಂದು ಕೇಳಿ. ಎಂದಾದರೂ ಕಸಿ ಆಗಬಹುದು ಎಂಬ ಮಸುಕಾದ ಆಸೆಯ ಮೇಲೆ ಕೊಳವೆ ಹಾಕಿಸಬೇಡಿ.

ಎಆರ್‌ಡಿಎಸ್ ತೀವ್ರತೆ ಇನ್ನೂ ಮಧ್ಯಮವಾಗಿರುವವರಿಗೆ, ಬೋರಲು ಮಲಗಿಸಿದಾಗ ಸುಧಾರಿಸುತ್ತಿರುವವರಿಗೆ, ಎಕ್ಮೋ ಬೇಡ. ಅದರ ಅಪಾಯಗಳು ಲಾಭಕ್ಕಿಂತ ದೊಡ್ಡವು. ಎಳೆಯ ವಯಸ್ಸಿನ, ಬೇರೆ ಕಾಯಿಲೆಯಿಲ್ಲದ, ನಾಲ್ಕೈದು ದಿನಗಳ ಹಿಂದೆಯಷ್ಟೇ ಜ್ವರದಿಂದ ಮಲಗಿದ ವ್ಯಕ್ತಿ, ಎಲ್ಲ ಪ್ರಯತ್ನದ ನಂತರವೂ ಕುಸಿಯುತ್ತಿದ್ದರೆ, ತಡಮಾಡದೆ ಎಕ್ಮೋ ಕೇಂದ್ರವನ್ನು ಸಂಪರ್ಕಿಸಿ ಎಂದು ಅಷ್ಟೇ ದೃಢವಾಗಿ ಹೇಳುತ್ತೇನೆ. ವಿಶ್ವದ ಎಕ್ಮೋ ಕೇಂದ್ರಗಳ ಒಕ್ಕೂಟವಾದ ಎಲ್ಸೋ ಸಂಗ್ರಹಿಸುವ ದಾಖಲೆಗಳ ಪ್ರಕಾರ ಶ್ವಾಸಕೋಶಕ್ಕಾಗಿ ಎಕ್ಮೋ ಪಡೆದ ವಯಸ್ಕರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಆಸ್ಪತ್ರೆಯಿಂದ ಮನೆಗೆ ಹೋಗುತ್ತಾರೆ.

ಹೃದಯ ಸೋತಾಗ: ಬಲೂನ್, ಸಣ್ಣ ಪಂಪ್, ವಿಎ ಎಕ್ಮೋ

ಹೃದಯದ ವಿಷಯದಲ್ಲಿ ಆಯ್ಕೆ ಇನ್ನೂ ಜಟಿಲ, ಏಕೆಂದರೆ ಇಲ್ಲಿ ಸಾಧನಗಳು ಹಲವು, ಅವುಗಳ ಬೆಲೆಗಳ ನಡುವೆ ಅಜಗಜಾಂತರ.

ಅಗ್ಗದ್ದು, ಹೆಚ್ಚಿನ ಹೃದ್ರೋಗ ಆಸ್ಪತ್ರೆಗಳಲ್ಲಿ ಸಿಗುವಂಥದ್ದು ಬಲೂನ್ ಪಂಪ್. ಮಹಾಪಧಮನಿಯೊಳಗೆ ಇಟ್ಟ ಬಲೂನು ಹೃದಯದ ಬಡಿತಕ್ಕೆ ತಕ್ಕಂತೆ ಉಬ್ಬಿ ಇಳಿಯುತ್ತದೆ. ಆದರೆ 2012ರಲ್ಲಿ ಜರ್ಮನಿಯಲ್ಲಿ ಹೃದಯಾಘಾತದಿಂದ ಶಾಕ್‌ಗೆ ಹೋದ, ಅಂದರೆ ಹೃದಯ ಸೋತು ಅಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿ ತಲುಪಿದ 600 ರೋಗಿಗಳಲ್ಲಿ ನಡೆದ ಅಧ್ಯಯನದಲ್ಲಿ ಬಲೂನ್ ಹಾಕಿದವರಿಗೂ ಹಾಕದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಈಗ ಅದನ್ನು ಎಲ್ಲರಿಗೂ ಹಾಕುವುದಿಲ್ಲ. ಹೃದಯದ ಗೋಡೆ ಅಥವಾ ಕವಾಟ ಹರಿದಂಥ ಕೆಲವು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯವರೆಗೆ ಅದು ನೆರವಾಗುತ್ತದೆ.

ಎರಡನೆಯದು ಇಂಪೆಲ್ಲಾ ಎಂಬ, ತೊಡೆಯ ಅಪಧಮನಿಯ ಮೂಲಕ ಎಡ ಹೃತ್ಕುಕ್ಷಿಯೊಳಗೆ ಇಳಿಸುವ ಪುಟ್ಟ ಪಂಪ್. 2024ರಲ್ಲಿ ಪ್ರಕಟವಾದ, ಡೆನ್ಮಾರ್ಕ್, ಜರ್ಮನಿ, ಬ್ರಿಟನ್‌ಗಳಲ್ಲಿ ನಡೆದ ಡೇಂಜರ್ ಶಾಕ್ ಅಧ್ಯಯನದಲ್ಲಿ 180 ದಿನಗಳ ಸಾವಿನ ಪ್ರಮಾಣ ಈ ಪಂಪ್ ಪಡೆದವರಲ್ಲಿ ಶೇ. 45.8, ಪಡೆಯದವರಲ್ಲಿ ಶೇ. 58.5. ಲಾಭ ದೊಡ್ಡದೇ, ಆದರೆ ಅಲ್ಲಿ ಆಯ್ದದ್ದು ಒಂದು ನಿರ್ದಿಷ್ಟ ಬಗೆಯ ದೊಡ್ಡ ಹೃದಯಾಘಾತವಾದ ರೋಗಿಗಳನ್ನು, ಹೃದಯ ಸ್ತಂಭನದ ನಂತರ ಪ್ರಜ್ಞೆ ತಪ್ಪಿದ್ದವರನ್ನು ಹೊರಗಿಟ್ಟಿದ್ದರು, ರಕ್ತಸ್ರಾವ ಮತ್ತು ಕಾಲಿಗೆ ರಕ್ತ ಕಡಿಮೆಯಾಗುವ ತೊಂದರೆಗಳು ಪಂಪ್ ಗುಂಪಿನಲ್ಲಿ ಹೆಚ್ಚಿದ್ದವು. ಮೇಲಾಗಿ ಈ ಪಂಪ್ ಎಡ ಹೃದಯಕ್ಕೆ ಮಾತ್ರ ಆಸರೆ. ಶ್ವಾಸಕೋಶವೂ ಕೆಟ್ಟಿದ್ದರೆ, ಬಲ ಹೃದಯವೂ ಸೋತಿದ್ದರೆ ಅದೊಂದೇ ಸಾಲದು.

ಮೂರನೆಯದು ವಿಎ ಎಕ್ಮೋ. ಪೂರ್ತಿ ನಿಂತುಹೋದ ಹೃದಯದ ಕೆಲಸವನ್ನೂ ಇದು ನಿಭಾಯಿಸಬಲ್ಲದು. ಇದರ ನಿಜವಾದ ಯಶಸ್ಸು ಕಾಣುವುದು ವೈರಸ್ಸಿನಿಂದ ಹೃದಯದ ಸ್ನಾಯು ಊದಿಕೊಂಡ ಮಯೋಕಾರ್ಡೈಟಿಸ್ ರೋಗಿಗಳಲ್ಲಿ, ಹೃದಯವನ್ನು ಕುಗ್ಗಿಸುವ ಔಷಧಿ ಅಥವಾ ವಿಷ ಸೇವಿಸಿದವರಲ್ಲಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಹೃದಯ ಕೆಲವು ದಿನ ಮಂಕಾದವರಲ್ಲಿ. ಅಂದರೆ ಹೃದಯ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುವ ಸಾಧ್ಯತೆ ಇರುವಲ್ಲಿ. ದೊಡ್ಡ ಹೃದಯಾಘಾತದ ಶಾಕ್‌ನಲ್ಲಿ ಎಲ್ಲರಿಗೂ ಬೇಗ ಬೇಗ ವಿಎ ಎಕ್ಮೋ ಹಾಕುವುದರಿಂದ ಪ್ರಯೋಜನವಿದೆಯೇ ಎಂದು ಪರೀಕ್ಷಿಸಿದ 2023ರ ಅಧ್ಯಯನದ ಉತ್ತರ ನಿರಾಶೆಯದು: 30 ದಿನಗಳಲ್ಲಿ ಎಕ್ಮೋ ಗುಂಪಿನಲ್ಲಿ ತೀರಿಕೊಂಡವರು ಶೇ. 47.8, ಸಾಮಾನ್ಯ ಚಿಕಿತ್ಸೆಯಲ್ಲಿ ಶೇ. 49. ಗಮನಾರ್ಹ ರಕ್ತಸ್ರಾವ ಮಾತ್ರ ಎಕ್ಮೋ ಗುಂಪಿನಲ್ಲಿ ಶೇ. 23.4, ಇನ್ನೊಂದರಲ್ಲಿ ಶೇ. 9.6. ಹೃದಯಾಘಾತವಾದ ಕೂಡಲೇ ಮುಚ್ಚಿದ ರಕ್ತನಾಳವನ್ನು ತೆರೆಯುವುದು ಎಲ್ಲಕ್ಕಿಂತ ಮೊದಲಿನದು. ಆ ಕೆಲಸ ಬಾಕಿಯಿರುವಾಗ ಯಂತ್ರದ ಚರ್ಚೆ ಅದಕ್ಕೆ ಅಡ್ಡಬರಬಾರದು.

ವಿಎ ಎಕ್ಮೋದಲ್ಲಿ ಕುಟುಂಬದವರೂ ಗಮನಿಸಬಹುದಾದ ಎರಡು ವಿಷಯಗಳಿವೆ. ತೊಡೆಯ ಅಪಧಮನಿಯಲ್ಲಿ ದಪ್ಪ ಕೊಳವೆ ಕೂತಾಗ ಆ ಕಾಲಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಅದಕ್ಕಾಗಿ ಕೆಳಮುಖವಾಗಿ ಇನ್ನೊಂದು ಸಣ್ಣ ಕೊಳವೆ ಹಾಕುತ್ತಾರೆ. ಭೇಟಿಗೆ ಬಿಟ್ಟಾಗ ಆ ಪಾದ ತಣ್ಣಗಿದೆಯೇ, ಬಣ್ಣ ಬದಲಾಗಿದೆಯೇ ಎಂದು ಕೇಳಿದರೆ ಒಳ್ಳೆಯ ನರ್ಸ್ ಬೇಸರಪಡುವುದಿಲ್ಲ, ತಾನು ನೋಡಿದ್ದನ್ನು ತೋರಿಸುತ್ತಾಳೆ. ಎರಡನೆಯದು, ಯಂತ್ರದ ರಕ್ತ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ, ಹೃದಯದ ರಕ್ತ ಮೇಲಿನಿಂದ ಬರುತ್ತದೆ. ಹೃದಯ ಚೇತರಿಸುತ್ತಿದ್ದು ಶ್ವಾಸಕೋಶ ಇನ್ನೂ ಕೆಟ್ಟಿದ್ದರೆ, ಕಾಲುಗಳಿಗೆ ಒಳ್ಳೆಯ ರಕ್ತ ಸಿಕ್ಕಿ ಮಿದುಳಿಗೆ ಆಮ್ಲಜನಕ ಕಡಿಮೆಯಾದ ರಕ್ತ ಹೋಗುವ ಅಪಾಯವಿದೆ. ಈ ಕಾರಣಕ್ಕೇ ಆಮ್ಲಜನಕದ ಅಳತೆಯನ್ನು ಬಲಗೈಯಲ್ಲಿ ನೋಡುತ್ತಾರೆ. ಯಂತ್ರ ಅಪಧಮನಿಯಲ್ಲಿ ಒತ್ತಡ ಹೆಚ್ಚಿಸುವುದರಿಂದ ದುರ್ಬಲ ಎಡ ಹೃದಯ ಉಬ್ಬಿಕೊಳ್ಳುವುದೂ ಉಂಟು. ಆಗ ಅದರ ಭಾರ ಇಳಿಸಲು ಬಲೂನ್ ಅಥವಾ ಇಂಪೆಲ್ಲಾ ಸೇರಿಸಬೇಕಾಗಿ ಬಂದು ಖರ್ಚು ಒಮ್ಮೆಲೇ ಏರುತ್ತದೆ. ಈ ಸಾಧ್ಯತೆಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಹೃದಯ ಚೇತರಿಸದಿದ್ದರೆ ಮುಂದಿನ ದಾರಿ ಹೃದಯ ಕಸಿ, ಅಥವಾ ದೇಹದೊಳಗೆ ಅಳವಡಿಸುವ ಎಲ್‌ವಿಎಡಿ ಪಂಪ್. ಎರಡೂ ದೊಡ್ಡ ಶಸ್ತ್ರಚಿಕಿತ್ಸೆಗಳು, ಎರಡಕ್ಕೂ ಜೀವನಪರ್ಯಂತ ಔಷಧಿ ಮತ್ತು ತಪಾಸಣೆ ಬೇಕು. ಬಹಳ ವರ್ಷಗಳಿಂದ ಹೃದಯ ದುರ್ಬಲವಾಗಿದ್ದು, ಕಸಿಗೆ ಅರ್ಹರಲ್ಲವೆಂದು ಈಗಾಗಲೇ ತೀರ್ಮಾನವಾಗಿರುವ ಹಿರಿಯರಿಗೆ ವಿಎ ಎಕ್ಮೋ ಹಾಕಿದರೆ ಇಳಿಸುವ ದಾರಿಯೇ ಇರುವುದಿಲ್ಲ.

ಹೃದಯ ನಿಂತು ಸಿಪಿಆರ್ ನಡೆಯುತ್ತಿರುವಾಗಲೇ ಎಕ್ಮೋ ಹಾಕುವ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಕುಟುಂಬಕ್ಕೆ ಯೋಚಿಸಲು ಸಮಯವೇ ಇರುವುದಿಲ್ಲ. ಯಾರದೋ ಎದುರಿಗೇ ಕುಸಿದು, ಕೂಡಲೇ ಸಿಪಿಆರ್ ಸಿಕ್ಕು, ಸಜ್ಜಾದ ತಂಡ ಹತ್ತಿರದಲ್ಲೇ ಇದ್ದಾಗ ಮಾತ್ರ ಅದಕ್ಕೆ ಭರವಸೆಯಿದೆ. ನವಜಾತ ಶಿಶುಗಳ ಮಾತು ಬೇರೆ. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಉಸಿರಾಟದ ತೀವ್ರ ವೈಫಲ್ಯವಿದ್ದ 185 ಶಿಶುಗಳಲ್ಲಿ ಎಕ್ಮೋ ಗುಂಪಿನ 93ರಲ್ಲಿ 30 ಶಿಶುಗಳೂ ಉಳಿದ 92ರಲ್ಲಿ 54 ಶಿಶುಗಳೂ ತೀರಿಕೊಂಡವು. ಹುಟ್ಟುವಾಗ ಮೊದಲ ಮಲವನ್ನು ಉಸಿರಿನೊಂದಿಗೆ ಎಳೆದುಕೊಂಡ, ಉಳಿದಂತೆ ಆರೋಗ್ಯವಾಗಿರುವ ತುಂಬು ತಿಂಗಳ ಕೂಸಿಗೆ, ಬೇರೆ ಚಿಕಿತ್ಸೆಗಳು ಸೋತಾಗ, ಎಕ್ಮೋದಿಂದ ಬಹಳ ಒಳ್ಳೆಯ ಫಲ ಸಿಗುತ್ತದೆ.

ಯಾವ ಆಸ್ಪತ್ರೆ, ಎಷ್ಟು ದೂರ

ಯಂತ್ರ ಇರುವ ಆಸ್ಪತ್ರೆ ಮತ್ತು ಯಂತ್ರವನ್ನು ವರ್ಷವಿಡೀ ಬಳಸುವ ಆಸ್ಪತ್ರೆ ಬೇರೆ ಬೇರೆ. ಕಳೆದ ವರ್ಷ ಎಷ್ಟು ವಯಸ್ಕರಿಗೆ ಈ ಬಗೆಯ ಎಕ್ಮೋ ಹಾಕಿದ್ದೀರಿ, ಅವರಲ್ಲಿ ಎಷ್ಟು ಜನ ಮನೆಗೆ ಹೋದರು, ರಾತ್ರಿ ಪಾಳಿಯಲ್ಲಿ ಪರ್ಫ್ಯೂಷನಿಸ್ಟ್ ಇರುತ್ತಾರೆಯೇ, ಡಯಾಲಿಸಿಸ್ ಮತ್ತು ರಕ್ತನಿಧಿ ಅದೇ ಕಟ್ಟಡದಲ್ಲಿವೆಯೇ ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ನನ್ನ ವಿಶ್ವಾಸ ಕಡಿಮೆಯಾಗುತ್ತದೆ.

ರೋಗಿ ಜಿಲ್ಲಾ ಕೇಂದ್ರದಲ್ಲಿದ್ದು ಎಕ್ಮೋ ಕೇಂದ್ರ ಬೆಂಗಳೂರಿನಲ್ಲಿದ್ದರೆ ಎರಡು ದಾರಿ. ಸ್ಥಿತಿ ತೀರ ಹದಗೆಡುವ ಮೊದಲೇ ವೆಂಟಿಲೇಟರ್ ಆಂಬುಲೆನ್ಸಿನಲ್ಲಿ ಸಾಗಿಸುವುದು ಒಂದು. ಎಕ್ಮೋ ತಂಡವೇ ಬಂದು ಅಲ್ಲೇ ಕೊಳವೆ ಹಾಕಿ ಯಂತ್ರದ ಮೇಲೆ ಕರೆದೊಯ್ಯುವುದು ಇನ್ನೊಂದು. ಮೊದಲನೆಯದು ಖರ್ಚಿನಲ್ಲಿ ಹಗುರ, ಆದರೆ ಘಟ್ಟದ ತಿರುವುಗಳ ನಡುವೆ ಆಮ್ಲಜನಕ ಕುಸಿದರೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯದು ಸುರಕ್ಷಿತ, ದುಬಾರಿ, ಎಲ್ಲ ಕೇಂದ್ರಗಳೂ ಒದಗಿಸುವುದಿಲ್ಲ. ಎಕ್ಮೋ ಬೇಕೇಬೇಕು ಎನ್ನುವ ಘಟ್ಟಕ್ಕೆ ಕಾಯದೆ, ಬೋರಲು ಮಲಗಿಸಿಯೂ ಮೊದಲ ದಿನ ಸುಧಾರಣೆ ಕಾಣದಿದ್ದಾಗಲೇ ದೊಡ್ಡ ಕೇಂದ್ರಕ್ಕೆ ಫೋನ್ ಮಾಡಲು ವೈದ್ಯರನ್ನು ಕೋರುವುದು ಜಾಣತನ.

ಹಣದ ಮಾತು

ಎಕ್ಮೋ ಬಿಲ್ ಲಕ್ಷಗಳಲ್ಲಿ ಆರಂಭವಾಗುತ್ತದೆ. ಕೊಳವೆ, ಆಕ್ಸಿಜನೇಟರ್, ಪಂಪಿನ ತಲೆ ಇವು ಒಮ್ಮೆ ಬಳಸಿ ಬಿಸಾಡುವಂಥವು. ಇವುಗಳ ಖರ್ಚು ಮೊದಲ ದಿನವೇ ಬೀಳುತ್ತದೆ. ಆಮೇಲೆ ಪ್ರತಿದಿನ ಐಸಿಯು, ಔಷಧಿ, ಪದೇಪದೇ ಮಾಡುವ ರಕ್ತಪರೀಕ್ಷೆ, ರಕ್ತ ಮತ್ತು ಪ್ಲೇಟ್‌ಲೆಟ್. ಆಕ್ಸಿಜನೇಟರಿನಲ್ಲಿ ಹೆಪ್ಪುಗಟ್ಟಿದರೆ ಮಧ್ಯದಲ್ಲಿ ಹೊಸದನ್ನು ಹಾಕಬೇಕು. ಎಕ್ಮೋ ಇಳಿದ ಮೇಲೂ ಕತ್ತಿನಲ್ಲಿ ಉಸಿರುಕೊಳವೆ, ವಾರಗಟ್ಟಲೆ ಫಿಸಿಯೋಥೆರಪಿ ಬೇಕಾಗಬಹುದು.

ಇಲ್ಲಿ ಎರಡು ಬಗೆಯ ಎಕ್ಮೋಗಳಿಗೆ ಇರುವ ವ್ಯತ್ಯಾಸ ಹಣದ ಲೆಕ್ಕಕ್ಕೂ ತಟ್ಟುತ್ತದೆ. ವಿಎ ಎಕ್ಮೋದಲ್ಲಿ ಹೃದಯ ಏಳುತ್ತದೆಯೋ ಇಲ್ಲವೋ ಎಂಬುದು ಬಹಳಷ್ಟು ಸಂದರ್ಭಗಳಲ್ಲಿ ಒಂದು ವಾರದೊಳಗೆ ತಿಳಿಯುತ್ತದೆ. ವಿವಿ ಎಕ್ಮೋದಲ್ಲಿ ಶ್ವಾಸಕೋಶ ಚೇತರಿಸಲು ಎರಡು ವಾರ ಬೇಕಾಗುವುದು ಸಾಮಾನ್ಯ, ಇನ್ನೂ ಹೆಚ್ಚು ಬೇಕಾಗುವುದೂ ಉಂಟು. ಮೂರು ದಿನಕ್ಕಷ್ಟೇ ಸಾಲುವ ಹಣ ಇಟ್ಟುಕೊಂಡು ವಿವಿ ಎಕ್ಮೋ ಆರಂಭಿಸಿದರೆ, ಶ್ವಾಸಕೋಶ ತೆರೆದುಕೊಳ್ಳುವ ಮೊದಲೇ ಕೈ ಖಾಲಿಯಾಗಿ, ಆರಂಭಿಸದಿದ್ದಕ್ಕಿಂತ ದೊಡ್ಡ ದುಃಖ ಉಳಿಯುತ್ತದೆ. ಹಾಗಾಗಿ ಮೊದಲ ದಿನದ ವೆಚ್ಚ, ಪ್ರತಿದಿನದ ವೆಚ್ಚ, ಎರಡು ವಾರದ ಅಂದಾಜು ಮೊತ್ತ ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ; ನಿಮ್ಮ ರೋಗಿಯ ಚಿಕಿತ್ಸೆಯ ಯಾವ ಭಾಗ ಅದರಲ್ಲಿ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಕೇಳಿ. ಖಾಸಗಿ ವಿಮೆಯಿದ್ದರೆ ಉಳಿದಿರುವ ಮೊತ್ತವನ್ನೂ, ಕೊಠಡಿ ಬಾಡಿಗೆಯ ಮಿತಿಯನ್ನೂ ಆ ಹೊತ್ತೇ ಪರಿಶೀಲಿಸಿ. ರಕ್ತ ಕೊಡಬಲ್ಲ ಬಂಧುಗಳ ಪಟ್ಟಿಯೂ ಸಿದ್ಧವಿರಲಿ.

ಹಣ ಸೀಮಿತವಾಗಿದ್ದು, ಬೋರಲು ಮಲಗಿಸುವ ಚಿಕಿತ್ಸೆ ಇನ್ನೂ ಸರಿಯಾಗಿ ಆಗದಿದ್ದರೆ, ಇರುವ ಹಣವನ್ನು ಎಕ್ಮೋಗೆ ಕೂಡಿಡುವುದಕ್ಕಿಂತ, ಆ ಆರೈಕೆಯನ್ನು ಚೆನ್ನಾಗಿ ಮಾಡುವ ಐಸಿಯುಗೆ ರೋಗಿಯನ್ನು ಸೇರಿಸಲು ಬಳಸುವುದು ಹೆಚ್ಚು ಫಲ ಕೊಡುತ್ತದೆ ಎಂದು ನಾನು ನಂಬುತ್ತೇನೆ.

ಅವಧಿ ಮತ್ತು ನಿಲ್ಲಿಸುವ ನಿರ್ಧಾರ

ಆರಂಭಿಸುವ ದಿನವೇ ಅವಧಿಯೊಂದನ್ನು ಗೊತ್ತುಮಾಡಿಕೊಳ್ಳಿ. ವಿಎ ಆಗಿದ್ದರೆ ಐದಾರು ದಿನ, ವಿವಿ ಆಗಿದ್ದರೆ ಹತ್ತು ಹದಿನಾಲ್ಕು ದಿನ ನೋಡೋಣ, ಆಗ ಇಂಥಿಂಥ ಸುಧಾರಣೆ ಕಂಡರೆ ಮುಂದುವರಿಸೋಣ, ಮಿದುಳಿನಲ್ಲಿ ದೊಡ್ಡ ರಕ್ತಸ್ರಾವವಾದರೆ ಅಥವಾ ಒಂದೊಂದೇ ಅಂಗ ಸೋಲುತ್ತ ಹೋದರೆ ನಿಲ್ಲಿಸೋಣ ಎಂದು ವೈದ್ಯರೊಂದಿಗೆ ಮಾತಾಗಿರಲಿ. ಮನೆಯವರ ಪರವಾಗಿ ಒಬ್ಬರೇ ದಿನಾಲೂ ವೈದ್ಯರೊಂದಿಗೆ ಮಾತನಾಡಿ ಉಳಿದವರಿಗೆ ತಿಳಿಸುವುದರಿಂದ ಗೊಂದಲ ಕಡಿಮೆಯಾಗುತ್ತದೆ.

ನಿಲ್ಲಿಸುವುದು ಕಾನೂನಿಗೆ ವಿರುದ್ಧವೇ ಎಂಬ ಭಯ ಹಲವರಿಗಿದೆ. ಚೇತರಿಕೆಯ ಆಸೆ ಉಳಿಯದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಅದರಂತೆ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿಯೂ, ಜಿಲ್ಲಾ ಆರೋಗ್ಯ ಅಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿಯೂ ಒಪ್ಪಬೇಕು, ಕುಟುಂಬದ ಸಮ್ಮತಿ ಇರಬೇಕು.

ಎಕ್ಮೋ ಬೇಡವೆಂದು ಹೇಳಿದ ಕುಟುಂಬ ರೋಗಿಯನ್ನು ಕೈಬಿಟ್ಟಂತಲ್ಲ. ವೆಂಟಿಲೇಟರ್, ಬೋರಲು ಮಲಗಿಸುವುದು, ಆಂಟಿಬಯಾಟಿಕ್, ಡಯಾಲಿಸಿಸ್ ಇವೆಲ್ಲ ಮೊದಲಿನಂತೆ ಮುಂದುವರಿಯಬಹುದು, ಅಷ್ಟರಿಂದಲೇ ಚೇತರಿಸಿಕೊಳ್ಳುವವರೂ ಇದ್ದಾರೆ. ಚೇತರಿಕೆ ಸಾಧ್ಯವಿಲ್ಲವೆಂದು ಖಚಿತವಾದರೆ ನೋವು, ಏದುಸಿರು, ಗಾಬರಿ ಕಾಡದಂತೆ ಔಷಧಿ ಕೊಟ್ಟು, ಮನೆಯವರು ಹತ್ತಿರ ಕುಳಿತಿರಲು ಬಿಡುವ ಉಪಶಾಮಕ ಆರೈಕೆಯನ್ನು ಕೇಳಿ ಪಡೆಯಿರಿ. ಬಹಳಷ್ಟು ಆಸ್ಪತ್ರೆಗಳಲ್ಲಿ ಅದನ್ನು ಕೇಳಿದವರಿಗೆ ಮಾತ್ರ ಒದಗಿಸುತ್ತಾರೆ.